ಕಂಬಳಿಯ ಕೆಳಗಿನ ಬೆಲೆ

ನಮ್ಮಪ್ಪ ಕುರಿ ದಲ್ಲಾಳಿ. ಮಾರುವವರಿಗೂ ಕೊಳ್ಳುವವರಿಗೂ ನಡುವೆ ಕೂತು ಬೆಲೆ ಕುದುರಿಸುವುದು ಅವನ ಕಸುಬು. ಆ ಕಸುಬನ್ನು ಮಾಡುತ್ತಿದ್ದುದು ಅವನ ಬಾಯಲ್ಲ, ಬಲಗೈ. ಮನೆಯಲ್ಲಿ ಆ ಕೈ ಇನ್ನೊಬ್ಬ ಮನುಷ್ಯನ ಹಾಗೆಯೇ ಇತ್ತು. ಅಪ್ಪ ಜಗಲಿಯ ಮೇಲೆ ಕೂತು ಅಮ್ಮನ ಜೊತೆ ಮಳೆಯ ಮಾತೋ ನೆಂಟರ ಮಾತೋ ಆಡುತ್ತಿದ್ದರೆ, ಬಲಗೈ ತನ್ನ ಪಾಡಿಗೆ ತೊಡೆಯ ಮೇಲೆ ಬೆರಳು ಮಡಚುತ್ತಾ ಬಿಡಿಸುತ್ತಾ ಯಾರ ಜೊತೆಗೋ ವ್ಯಾಪಾರಕ್ಕೆ ಬಿದ್ದಿರುತ್ತಿತ್ತು. ನಿದ್ದೆಯಲ್ಲೂ ಅದಕ್ಕೆ ಬಿಡುವಿರಲಿಲ್ಲ.

"ನಾನು ಆ ಮಗ್ಗುಲಿಗೆ ಮಲಗಾದು ಬಿಟ್ಟು ಎಷ್ಟೋ ವರ್ಷ ಆತು ಕಣವ್ವ. ನನ್ ಬೆರಳು ಹಿಡ್ಕಂಡು ರೇಟು ಕೇಳ್ತೈತೆ ಅದು" ಎಂದು ಅಮ್ಮ ನಗುತ್ತಿದ್ದಳು. ನಗುತ್ತಲೇ ಚಾಪೆಯನ್ನು ಗೋಡೆಯ ಕಡೆಗೆ ಎಳೆದುಕೊಳ್ಳುತ್ತಿದ್ದಳು.

ಹಿರಿಯೂರಿನ ಕುರಿ ಸಂತೆಯಲ್ಲಿ ಆಗ ಬಾಯಿಬಿಟ್ಟು ಬೆಲೆ ಹೇಳುವವರು ಯಾರೂ ಇರಲಿಲ್ಲ. ದಲ್ಲಾಳಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು ಮೊಣಕಾಲ ಮೇಲೆ ಕರಿ ಕಂಬಳಿ ಹರಡಿಕೊಳ್ಳುತ್ತಿದ್ದ. ಅವನ ಎಡಕ್ಕೆ ಕುರಿಯವನು, ಬಲಕ್ಕೆ ಕೊಳ್ಳುವವನು. ಇಬ್ಬರೂ ಒಂದೊಂದು ಕೈಯನ್ನು ಕಂಬಳಿಯ ಕೆಳಗೆ ತೂರಿಸುತ್ತಿದ್ದರು. ಒಂದು ಬೆರಳು ಹಿಡಿದರೆ ಹತ್ತು ರೂಪಾಯಿ, ಎರಡು ಹಿಡಿದರೆ ಇಪ್ಪತ್ತು, ಇಡೀ ಅಂಗೈ ಹಿಡಿದರೆ ಐವತ್ತು. ಎಪ್ಪತ್ತು ಅನ್ನಬೇಕಾದರೆ ಮೊದಲು ಅಂಗೈ, ಆಮೇಲೆ ಎರಡು ಬೆರಳು. ತೊಂಬತ್ತಕ್ಕೆ ಅಂಗೈ, ಆಮೇಲೆ ನಾಲ್ಕು. ಒಪ್ಪಿಗೆಯಾದರೆ ಕೈಯನ್ನು ಒಮ್ಮೆ ಕುಲುಕಬೇಕು. ಕುಲುಕಿದ ಮೇಲೆ ಮುಗಿಯಿತು, ಯಾರಪ್ಪ ಬಂದರೂ ಹಿಂದೆ ಸರಿಯುವಂತಿಲ್ಲ. ಕೊಳ್ಳುವವನು ದಲ್ಲಾಳಿಯ ಬಲಗೈಗೆ ಹೇಳಿದ್ದು ಕುರಿಯವನಿಗೆ ತಿಳಿಯುತ್ತಿರಲಿಲ್ಲ. ಕುರಿಯವನು ಎಡಗೈಗೆ ಹೇಳಿದ್ದು ಕೊಳ್ಳುವವನಿಗೆ ತಿಳಿಯುತ್ತಿರಲಿಲ್ಲ. ಎರಡೂ ತಿಳಿದವನು ನಡುವೆ ಕೂತವನೊಬ್ಬನೇ.

ಇದಕ್ಕೆ ಒಂದು ಕಾರಣವೂ ಇತ್ತು. ಜೀವ ಇರುವ ಕುರಿಯ ಮುಂದೆ ಅದರ ಬೆಲೆಯನ್ನಾಗಲಿ ಮಂದೆಯ ಎಣಿಕೆಯನ್ನಾಗಲಿ ಆಡಬಾರದು, ಆಡಿದರೆ ಮಂದೆ ಕರಗುತ್ತದೆ ಎಂದು ನಮ್ಮ ಕಡೆ ಕುರಿ ಕಾಯುವವರೆಲ್ಲ ನಂಬಿದ್ದರು. ನಾನು ಕಾಲೇಜು ಸೇರುವ ವರ್ಷ ಅಪ್ಪನಿಗೆ ಬುತ್ತಿ ಕೊಡಲು ಹೋಗಿ ಮೊದಲ ಸಲ ಆ ಸಂತೆಯನ್ನು ಕಂಡೆ. ಮುನ್ನೂರು ನಾನೂರು ಜನ ಸೇರಿದ್ದರು. ಕುರಿ ಅರಚುವುದು, ಕೆಮ್ಮು, ಬೆಂಕಿಕಡ್ಡಿ ಗೀರುವ ಸದ್ದು ಬಿಟ್ಟರೆ ಮಾತೇ ಇಲ್ಲ. ಮೈದಾನದ ತುಂಬ ಕರಿ ಕಂಬಳಿಗಳು, ಒಂದೊಂದರ ಕೆಳಗೂ ಏನೋ ಉಸಿರಾಡುತ್ತಿರುವಂತೆ ಏರಿಳಿತ. ಮೇಲಿನ ಮುಖಗಳು ಮಾತ್ರ ಅಲುಗದೆ ದೂರ ನೋಡುತ್ತಿದ್ದವು. ಬುತ್ತಿಯನ್ನು ಅಪ್ಪನ ಹಿಂದೆ ಇಟ್ಟು ಓಡಿ ಬಂದುಬಿಟ್ಟೆ. ನಾನೇನು ಪುಕ್ಕಲಿಯಲ್ಲ, ಆದರೂ ಅಂದು ಅಲ್ಲಿ ನಿಲ್ಲಲಾಗಲಿಲ್ಲ.

"ಬೆಲೆ ನಾನು ಇಡಲ್ಲ ಕಣವ್ವ, ಅದೇ ಬರ್ತೈತೆ" ಎಂದು ಅಪ್ಪ ಒಮ್ಮೆ ಹೇಳಿದ. "ಕೆಲವು ಸಲ ಕಂಬಳಿ ಕೆಳಗೆ ಒಂದು ಕೈ ಜಾಸ್ತಿ ಇರ್ತೈತೆ."

"ಯಾರದು?"

"ಅದನ್ನ ಕೇಳಬಾರದು." ಅಷ್ಟು ಹೇಳಿ ಬಚ್ಚಲಿಗೆ ಹೋದ. ಸಂತೆಯಿಂದ ಬಂದವನು ಹೊಸಿಲು ದಾಟುವ ಮೊದಲು ಬಲಗೈ ಒಂದನ್ನೇ ಬೂದಿ ಹಚ್ಚಿ ತಿಕ್ಕಿ ತೊಳೆಯುವುದು ಅವನ ರೂಢಿ.

ಚಿತ್ರದುರ್ಗದ ಕಾಲೇಜಿನಲ್ಲಿ ನಾನು ಓದಿದ್ದು ಅರ್ಥಶಾಸ್ತ್ರ. ಅಲ್ಲೊಬ್ಬ ಮೇಷ್ಟ್ರು, ಒಳ್ಳೆಯ ಮನುಷ್ಯ, ಸರ್ಕಾರ ಸುಮ್ಮನೆ ಪಕ್ಕಕ್ಕೆ ನಿಂತರೆ ಸಾಕು, ಬೆಲೆ ತಾನೇ ತನ್ನ ನೆಲೆ ಕಂಡುಕೊಳ್ಳುತ್ತದೆ, ಕಣ್ಣಿಗೆ ಕಾಣದ ಒಂದು ಕೈ ಎಲ್ಲವನ್ನೂ ನೆಟ್ಟಗೆ ಮಾಡುತ್ತದೆ ಎಂದು ವಿವರಿಸುತ್ತಿದ್ದರು. ಎಲ್ಲರೂ ನೋಟ್ಸ್ ಬರೆದುಕೊಳ್ಳುತ್ತಿದ್ದರು. ನಾನು ಪೆನ್ನು ಕೆಳಗಿಟ್ಟು ಕೂತಿದ್ದೆ. ಕಾಣದ ಕೈಯ ಕೆಳಗೇ ಬೆಳೆದವಳಿಗೆ ಅದರ ಬಗ್ಗೆ ಅಷ್ಟು ಸಲೀಸಾಗಿ ಬರೆದುಕೊಳ್ಳಲು ಆಗಲಿಲ್ಲ. ಅಪ್ಪ ಎರಡು ಕೈಗೂ ಒಂದೇ ಬೆಲೆ ಹೇಳುತ್ತಾನೋ, ಬಲಗೈಗೆ ಬಂದದ್ದು ಒಂದು, ಎಡಗೈಯಿಂದ ಹೋಗುವುದು ಇನ್ನೊಂದೋ? ಈ ಪ್ರಶ್ನೆ ನನ್ನನ್ನು ಮೂರು ವರ್ಷ ಕೊರೆಯಿತು. ಅಪ್ಪನನ್ನು ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂದರೆ, ಹಾಗೆ ಎರಡು ಬೆಲೆ ಇದ್ದದ್ದೇ ಆದರೆ ನನ್ನ ಫೀಸು, ಹಾಸ್ಟೆಲ್ಲಿನ ಊಟ, ಮೈಮೇಲಿನ ಸೀರೆ ಎಲ್ಲ ಆ ಎರಡರ ನಡುವಿನ ಸಂದಿಯಿಂದಲೇ ಬಂದಿರಬೇಕು. ಅಷ್ಟು ಬುದ್ಧಿ ನನಗಿತ್ತು.

ಡಿಗ್ರಿ ಮುಗಿಸಿ ಸರ್ಕಾರದ ಮಾರುಕಟ್ಟೆ ಸಮಿತಿಯಲ್ಲಿ ಗುಮಾಸ್ತೆಯಾಗಿ ಸೇರಿದೆ. ಎಪ್ಪತ್ತರ ದಶಕದ ನಡುವಿನ ಮಾತು, ಗೋಡೆಗೋಡೆಯ ಮೇಲೂ ಶಿಸ್ತಿನ ಘೋಷಣೆ ಬರೆದಿದ್ದ ತುರ್ತು ಪರಿಸ್ಥಿತಿಯ ಕಾಲ. ಸಮಿತಿಯ ಕಾರ್ಯದರ್ಶಿ ಹೊಳಲ್ಕೆರೆ ಕಡೆಯವರು, ಇಸ್ತ್ರಿ ಮಾಡಿದ ಅಂಗಿ, ಮೆತ್ತಗಿನ ಮಾತು. ಒಂದು ದಿನ ನನ್ನನ್ನು ಕರೆದು ಹೊಸ ಆದೇಶ ತೋರಿಸಿದರು. ಇನ್ನು ಮುಂದೆ ಕಂಬಳಿಯ ವ್ಯಾಪಾರ ಇಲ್ಲ. ಕಟ್ಟೆಯ ಮೇಲೆ ನಿಂತು ಗಂಟೆ ಬಾರಿಸಿ ಬಹಿರಂಗ ಹರಾಜು, ಕೂಗಿದ ಬೆಲೆ ಕರಿಹಲಗೆಯ ಮೇಲೆ.

"ಬಿಸಿಲಲ್ಲಿ ಕೂಗಿದ ಬೆಲೆಗೆ ಮೋಸ ಮಾಡೋಕೆ ಬರಲ್ಲಮ್ಮ" ಅಂದರು. "ಕೂಗೋ ಕೆಲಸ ನಿನಗೇ ಕೊಡ್ತೀನಿ. ದಲ್ಲಾಳಿ ಮಗಳೇ ಕೂಗಿದರೆ ಜನ ನಂಬ್ತಾರೆ."

ನನಗೆ ಎಷ್ಟು ಖುಷಿಯಾಯಿತೆಂದರೆ, ಅಪ್ಪನ ಅನ್ನಕ್ಕೆ ಕಲ್ಲು ಹಾಕುತ್ತಿದ್ದೇನೆ ಎನ್ನುವುದು ಮನೆಯ ಬಾಗಿಲ ತನಕ ನೆನಪಾಗಲೇ ಇಲ್ಲ. ಹೇಳಿದೆ. ಅಪ್ಪ "ಆತು ಬಿಡು" ಅಂದ. ಅವನ ಬಲಗೈ ಮಾತ್ರ ತೊಡೆಯ ಮೇಲೆ ಬಹಳ ಹೊತ್ತು ಏನೋ ವಾದ ಮಾಡುತ್ತಿತ್ತು.

ಹರಾಜು ಶುರುವಾಗುವುದಕ್ಕೆ ಒಂದು ವಾರ ಮೊದಲು, ಕಂಬಳಿಯ ಕೊನೆಯ ಸಂತೆಯ ಸಂಜೆ, ನಮ್ಮ ಜಗಲಿಗೆ ಒಬ್ಬ ವಿಧವೆ ಬಂದಳು. ಹಿರೇಗುಂಟನೂರಿನವಳು, ಕುರಿಯವರ ಮನೆಯ ಹೆಣ್ಣು. ಅವಳ ಗಂಡ ಹೋದ ಮೇಲೆ ಇಪ್ಪತ್ತರ ಮೇಲೆ ಒಂದಿಷ್ಟು ಕುರಿ ಅವಳ ಪಾಲಿಗೆ ಉಳಿದಿದ್ದವು. ಅವಳು ಎಣಿಕೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮೈದುನನ ಮಂದೆ ಮುಂದಿನ ಸಂತೆಯ ಸಂಜೆಗೆ ವಲಸೆ ಹೊರಡುವುದಿತ್ತು. ಅಷ್ಟರೊಳಗೆ ಕುರಿ ಮಾರದಿದ್ದರೆ ಅವನು ತನ್ನ ಮಂದೆಯೊಳಗೆ ಸೇರಿಸಿಕೊಂಡು ಹೊಡೆದುಕೊಂಡು ಹೋಗುತ್ತಾನೆ. ಕುರಿ ಹೋದ ಮೇಲೆ ಅವಳಿಗೆ ಊರಲ್ಲಿ ಅನ್ನ ಎಲ್ಲಿಯದು, ಮಂದೆಯ ಹಿಂದೆ ಮೈದುನನಿಗೆ ರೊಟ್ಟಿ ಬಡಿಯುತ್ತಾ ಹೋಗಬೇಕು. ನಾಲ್ಕನೇ ಕ್ಲಾಸು ಓದುತ್ತಿದ್ದ ಮಗಳೂ ಹೋಗಬೇಕು. ಮಾರಿದರೆ ಎರಡು ಎಮ್ಮೆ ಕೊಂಡು ಊರಲ್ಲೇ ಇರಬಹುದು.

ಹೆಂಗಸಿನ ಕೈ ಕಂಬಳಿಯ ಕೆಳಗೆ ಹೋಗುವಂತಿರಲಿಲ್ಲ. ಅವಳ ಬದಲು ಮೈದುನ ಕೂರಬೇಕು, ಅದು ಅವಳಿಗೆ ಬೇಡ. ಅದಕ್ಕೇ ಅವಳ ಪರವಾಗಿ ಅಪ್ಪ ತಾನೊಬ್ಬನೇ ಅಂದಿನ ಸಂತೆಯಲ್ಲಿ ಕೊಳ್ಳುವವನ ಜೊತೆ ಕಂಬಳಿ ಹಾಕಿ ಬಂದಿದ್ದ. ಜಗಲಿಯ ಹತ್ತಿರ ಕುರಿ ಇಲ್ಲ ಎಂದು ನೋಡಿಕೊಂಡು, ದನಿ ತಗ್ಗಿಸಿ ಅವಳಿಗೆ ಹೇಳಿದ.

"ತಲೆಗೆ ಎಪ್ಪತ್ತು ಬರ್ತೈತೆ ನೋಡವ್ವ. ಹೊಸದುರ್ಗದ ವ್ಯಾಪಾರಿ. ಹೂಂ ಅಂದ್ರೆ ನಾಳೆ ಬಂದು ಹೊಡ್ಕಂಡು ಹೋಗ್ತಾನೆ."

ಅವಳು ಹೂಂ ಅನ್ನುವುದರಲ್ಲಿದ್ದಳು. ನಾನು ಬಾಯಿ ಹಾಕಿದೆ. "ಒಂದು ವಾರ ತಡಕೋ. ಮುಂದಿನ ಸಂತೆಗೆ ಸರ್ಕಾರದ ಹರಾಜು. ಬೆಲೆ ನಿನ್ನ ಕಿವಿಗೇ ಬೀಳುತ್ತದೆ, ಯಾರ ಕೈಯನ್ನೂ ನಂಬಬೇಕಾಗಿಲ್ಲ."

ಅವಳು ಅಪ್ಪನ ಮುಖ ನೋಡಿದಳು, ಆಮೇಲೆ ನನ್ನದು. "ನೀನು ಓದಿದೋಳು" ಅಂದಳು. "ನೀನು ಹೇಳಿದಂಗೇ ಆಗ್ಲಿ."

 ಅಪ್ಪನ ಬಲಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು. ಅದು ಸುಮ್ಮನಿದ್ದುದನ್ನು ನಾನು ಕಂಡದ್ದು ಅದೇ ಮೊದಲು.

ಹರಾಜಿನ ದಿನ ಬೆಳಿಗ್ಗೆ ಕಾರ್ಯದರ್ಶಿಗಳು ದಲ್ಲಾಳಿಗಳ ಕಂಬಳಿಗಳನ್ನೆಲ್ಲ ಸಂಗ್ರಹಿಸಿದರು. ಯಾರೂ ಜಗಳ ಆಡಲಿಲ್ಲ, ಆ ಕಾಲದಲ್ಲಿ ಆಡುವಂತೆಯೂ ಇರಲಿಲ್ಲ. ಅಪ್ಪ ತನ್ನದನ್ನು ನಾಲ್ಕು ಮಡಿಕೆ ಮಾಡಿ ತಾನೇ ತಂದು ನನ್ನ ಕೈಗಿಟ್ಟು, ಹಿಂದಿರುಗಿ ನೋಡದೆ ಮನೆಗೆ ಹೋದ. ಎಲ್ಲವನ್ನೂ ಗೋದಾಮಿನಲ್ಲಿ ಒಟ್ಟಿ ಬೀಗ ಹಾಕಿದೆವು. ಬೀಗದ ಕೈ ನನ್ನ ಹತ್ತಿರ.

ನಾನು ಕಟ್ಟೆ ಹತ್ತಿ ಗಂಟೆ ಬಾರಿಸಿದೆ. ಆ ಸದ್ದಿಗೆ ಕುರಿಗಳು ಅರಚುವುದನ್ನು ನಿಲ್ಲಿಸಿದವು. ಬೆದರಿ ನಿಲ್ಲಿಸಿದವು, ಆಮೇಲೆ ಮತ್ತೆ ಶುರು ಮಾಡುತ್ತವೆ ಎಂದುಕೊಂಡೆ. ಮಾಡಲಿಲ್ಲ. ಅಷ್ಟು ಕುರಿ, ಅಷ್ಟು ಜನ, ನೆತ್ತಿಯ ಮೇಲೆ ಬಿಸಿಲು, ಒಂದು ಸದ್ದಿಲ್ಲ. ಮೊದಲ ಪಾಳಿ ಆ ವಿಧವೆಯದೇ ಆಗಲಿ ಎಂದು ನಾನೇ ಇಟ್ಟಿದ್ದೆ. ಅವಳು ಕುರಿಗಳನ್ನು ಕಟ್ಟೆಯ ಕೆಳಗೆ ತಂದು ನಿಲ್ಲಿಸಿದಳು. ಮಗಳು ಅವಳ ಸೆರಗು ಹಿಡಿದಿದ್ದಳು.

"ಬರ್ರಿ, ಮುಂದೆ ಬರ್ರಿ. ತಲೆಗೆ ಎಷ್ಟು? ಕೂಗ್ರಿ" ಎಂದು ಕೂಗಿದೆ.

ಮುಂದಿನ ಸಾಲಿನಲ್ಲಿದ್ದ ಮುದುಕನೊಬ್ಬ ತನ್ನ ಟಗರಿನ ಎರಡೂ ಕಿವಿಗಳನ್ನು ಅಂಗೈಯಿಂದ ಮುಚ್ಚಿದ. ಅವನನ್ನು ನೋಡಿ ಇನ್ನೊಬ್ಬ, ಆಮೇಲೆ ಮತ್ತೊಬ್ಬ. ಕುರಿ ತಂದವರೆಲ್ಲ ಒಬ್ಬೊಬ್ಬರಾಗಿ ಬಗ್ಗಿ, ಕೈಗೆ ಸಿಕ್ಕ ಕುರಿಯ ಕಿವಿ ಮುಚ್ಚಿಕೊಂಡು ನಿಂತರು. ನಾನು ಬೆಲೆ ಕೂಗಿಸುತ್ತಿದ್ದುದು ಅವರ ಪಾಲಿಗೆ ಸಾವನ್ನು ಹೆಸರು ಹಿಡಿದು ಕರೆದಷ್ಟೇ ಆಗಿತ್ತು. ಹುಟ್ಟಿದಾಗಿನಿಂದ ಗೊತ್ತಿದ್ದ ಈ ಮಾತನ್ನು ಕೈಗೆ ಗಂಟೆ ಬಂದ ಕೂಡಲೇ ಮರೆತಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

ಕೊಳ್ಳುವವರು ಇನ್ನೊಂದು ಕಡೆ ಸಾಲಾಗಿ ನಿಂತಿದ್ದರು. ಮಾಡದಕೆರೆಯವರು, ಬಿ.ದುರ್ಗದವರು, ಹೊಸದುರ್ಗದ ಆ ವ್ಯಾಪಾರಿ. ಒಬ್ಬನೂ ತುಟಿ ಬಿಚ್ಚಲಿಲ್ಲ. ಅವರ ಮುಖ ನೋಡಿ ಸಾಕಾಗಿ ಕಣ್ಣು ಕೆಳಗೆ ಹಾಯಿಸಿದೆ. ಕೈಗಳು ಸುಮ್ಮನಿರಲಿಲ್ಲ. ಪಂಚೆಯ ಪಕ್ಕದಲ್ಲಿ ಇಳಿಬಿದ್ದಿದ್ದ ಅಷ್ಟೂ ಬಲಗೈಗಳು ಬೆರಳು ಮಡಚುತ್ತಿದ್ದವು, ಬಿಡಿಸುತ್ತಿದ್ದವು, ಗಾಳಿಯಲ್ಲಿ ಇಲ್ಲದ ಕೈಯನ್ನು ಹುಡುಕುತ್ತಿದ್ದವು. ತಮ್ಮ ಕೈ ಹಾಗೆ ಆಡುತ್ತಿರುವುದು ಆ ಮನುಷ್ಯರಿಗೆ ಗೊತ್ತಿದ್ದ ಹಾಗೆ ಕಾಣಲಿಲ್ಲ. 

"ನಲವತ್ತು" ಎಂದು ಹಿಂದಿನಿಂದ ಒಂದು ದನಿ ಬಂತು. ವಿಧವೆಯ ಮೈದುನ. ನಲವತ್ತೆಂದರೆ ಸತ್ತ ಕುರಿಯ ಬೆಲೆ. ಮತ್ತೆ ಯಾರೂ ಏರಿಸಲಿಲ್ಲ. ನಾನು ಮೂರು ಸಲ ಕೂಗಿದೆ, ಬೇಡಿಕೊಳ್ಳುವ ಹಾಗೆ ಕೂಗಿದೆ. ಆಗ ನನಗೆ ಅರ್ಥವಾಯಿತು. ಕಂಬಳಿಯಿದ್ದಾಗ ಪಕ್ಕದವನು ಎಷ್ಟು ಹೇಳಿದ್ದಾನೋ ಎಂಬ ಹೆದರಿಕೆಗೆ ಪ್ರತಿಯೊಬ್ಬನೂ ಏರಿಸುತ್ತಿದ್ದ. ಈಗ ಎಲ್ಲರಿಗೂ ಎಲ್ಲರೂ ಕಾಣುತ್ತಿದ್ದರು. ಮೊದಲು ಬಾಯಿ ತೆರೆದು ಬೆಲೆ ಕೆಡಿಸಿದವನು ಯಾರೆಂದು ಇಡೀ ಸಂತೆಗೆ ಗೊತ್ತಾಗುತ್ತಿತ್ತು. ಸುಮ್ಮನಿರುವುದೇ ಅವರಿಗೆ ಲಾಭ, ಆ ಒಪ್ಪಂದಕ್ಕೆ ಮಾತೂ ಬೇಕಿರಲಿಲ್ಲ. ನಾವು ಬೆಳಕು ಕೊಟ್ಟೆವು, ಅವರು ಆ ಬೆಳಕಿನಲ್ಲಿ ಒಬ್ಬರನ್ನೊಬ್ಬರು ಕಾಯುತ್ತಾ ನಿಂತರು.

ನಿಯಮದ ಪ್ರಕಾರ ಬೆಲೆ ಒಪ್ಪದಿದ್ದರೆ ಬೇಡ ಎನ್ನುವ ಹಕ್ಕು ಮಾರುವವರಿಗಿತ್ತು. ವಿಧವೆ ತಲೆಯಾಡಿಸಿ ಬೇಡ ಎಂದಳು. ನಾನು ಹಲಗೆ ಒರೆಸಿದೆ. ಮೈದುನ ಹತ್ತಿರ ಬಂದು, ಸಿಟ್ಟೂ ಇಲ್ಲದೆ, ಸಾವಕಾಶವಾಗಿ ಹೇಳಿದ. "ಹೊತ್ತು ಇಳಿಯೋ ಹೊತ್ತಿಗೆ ಮಂದೆ ಹೊರಡ್ತೈತೆ ಅತ್ತಿಗೆ. ಬುತ್ತಿ ಕಟ್ಕಳ್ರಿ. ಹೋಗಾಣ."

ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು.  ಇವತ್ತಿಗೂ ಆ ನೋಟ ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಕಾರ್ಯದರ್ಶಿಗಳ ಹತ್ತಿರ ಓಡಿದೆ. "ಸಾರ್, ಇಷ್ಟಕ್ಕಿಂತ ಕಡಿಮೆಗೆ ಕೊಳ್ಳೋ ಹಾಗಿಲ್ಲ ಅಂತ ನಾವೇ ಒಂದು ಬೆಲೆ ಕಟ್ಟೋಣ."

"ಕೂಗಿಸೋ ಅಧಿಕಾರ ಕೊಟ್ಟಿದಾರಮ್ಮ, ಕಟ್ಟೋ ಅಧಿಕಾರ ಕೊಟ್ಟಿಲ್ಲ" ಅಂದರು. ಅವರಿಗೂ ಬೇಜಾರಾಗಿತ್ತು, ಸುಳ್ಳು ಹೇಳಬಾರದು. ಕನ್ನಡಕ ತೆಗೆದು ಒರೆಸಿಕೊಂಡು ಊಟಕ್ಕೆ ಹೋದರು.

ನಾನು ಗೋದಾಮಿನ ಬೀಗ ತೆಗೆದೆ. ಒಳಗೆ ಉಣ್ಣೆಯ, ಬೆವರಿನ ನಾತ. ಎಲ್ಲಕ್ಕಿಂತ ಮೇಲೆ ಅಪ್ಪನ ಕಂಬಳಿ. ಮುಟ್ಟಿದರೆ ಈಗಷ್ಟೇ ಯಾರೋ ಎದ್ದುಹೋದ ಜಾಗದಂತೆ ಬೆಚ್ಚಗಿತ್ತು. ತಗಡಿನ ಮಾಡು, ಮಧ್ಯಾಹ್ನದ ಬಿಸಿಲು, ಬೆಚ್ಚಗಿರದೆ ಇನ್ನೇನು ಎಂದು ನನಗೆ ನಾನೇ ಬೈದುಕೊಂಡು ಅದನ್ನು ಎತ್ತಿಕೊಂಡೆ. ಕೆಳಗಿನ ಕಂಬಳಿಗಳು ತಣ್ಣಗಿದ್ದವು.

ಗೋದಾಮಿನ ಹಿಂದೆ ಗೋಡೆಯ ನೆರಳಿನಲ್ಲಿ ಕೂತು ಮೊಣಕಾಲ ಮೇಲೆ ಕಂಬಳಿ ಹರಡಿದೆ. ಸರ್ಕಾರದ ಗುಮಾಸ್ತೆ, ಅದರಲ್ಲೂ ಹೆಣ್ಣು. ಯಾರಾದರೂ ಕಂಡರೆ ಕೆಲಸವೂ ಹೋಗುತ್ತಿತ್ತು, ಮರ್ಯಾದೆಯೂ ಹೋಗುತ್ತಿತ್ತು. ವಿಧವೆಯನ್ನು ಎಡಕ್ಕೆ ಕೂರಿಸಿಕೊಂಡೆ. ಹೆಂಗಸಿನ ಕೈಯನ್ನು ಹೆಂಗಸು ಹಿಡಿಯುವುದಕ್ಕೆ ಯಾರ ಅಡ್ಡಿಯೂ ಇಲ್ಲವಲ್ಲ. ಅಂಗೈ ಎಂದರೆ ಇಷ್ಟು, ಬೆರಳೆಂದರೆ ಇಷ್ಟು ಎಂದು ಅಲ್ಲೇ ಕಲಿಸಿದೆ. ಆಮೇಲೆ ಗೋಡೆಯ ಮೂಲೆಗೆ ಹೋಗಿ ಹೊಸದುರ್ಗದ ವ್ಯಾಪಾರಿಯ ಕಡೆಗೆ ಕಂಬಳಿಯ ಒಂದು ಅಂಚನ್ನು ಮಾತ್ರ ಕಾಣಿಸಿದೆ. ಕಂಬಳಿಯ ಕೆಳಗಾದರೆ ಉಳಿದವರ ಒಪ್ಪಂದ ಮುರಿದದ್ದು ಯಾರಿಗೂ ಕಾಣದು ಎಂದು ನನ್ನ ಲೆಕ್ಕ. ಲೆಕ್ಕ ತಪ್ಪಲಿಲ್ಲ. ಅವನು ಉಚ್ಚೆಗೆ ಹೋಗುವವನಂತೆ ಸಾಲಿನಿಂದ ಹೊರಬಂದು, ನನ್ನ ಬಲಕ್ಕೆ ಕೂತು, ಒಂದು ಮಾತೂ ಆಡದೆ ಕೈ ತೂರಿಸಿದ.

ಅವನು ನನ್ನ ಅಂಗೈ ಹಿಡಿದ. ಆಮೇಲೆ ನಾಲ್ಕು ಬೆರಳು. ಮೊದಲ ಮಾತಿಗೇ ತೊಂಬತ್ತು.

ಎಡಗಡೆಯಿಂದ ವಿಧವೆಯ ಕೈ, ಕಲಿತದ್ದು ಮರೆಯಬಾರದೆಂದು ನಿಧಾನವಾಗಿ, ನನ್ನ ಅಂಗೈ ಹಿಡಿಯಿತು. ಆಮೇಲೆ ಎರಡು ಬೆರಳು. ಎಪ್ಪತ್ತು. ಹೋದ ವಾರ ಅಪ್ಪ ಹೇಳಿದ್ದೇ ಅವಳಿಗೆ ಗೊತ್ತಿದ್ದ ಬೆಲೆ.

ಮುಂದಿನದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ನಂಬುವುದು ಬಿಡುವುದು ಓದುವವರಿಗೆ ಸೇರಿದ್ದು. ನನ್ನ ಎಡಗೈ, ನಾನು ಹೇಳದೆ, ಅವಳ ಆ ಎರಡು ಬೆರಳುಗಳ ಮೇಲೆ ಮುಚ್ಚಿಕೊಳ್ಳತೊಡಗಿತು. ಎಪ್ಪತ್ತಕ್ಕೆ ಆಯಿತು ಎಂದು ಕುಲುಕುವುದಕ್ಕೆ ಸಿದ್ಧವಾಗುತ್ತಿತ್ತು. ನನಗೆ ಅವಳ ಒಂದು ಪೈಸೆಯೂ ಬೇಕಿರಲಿಲ್ಲ. ಮನಸ್ಸಿನಲ್ಲಿ ಅಂಥ ಯೋಚನೆಯೇ ಇರಲಿಲ್ಲ. ಆದರೆ ಕೈ ಹೋಗುತ್ತಿತ್ತು, ಬಹಳ ಕಾಲದಿಂದ ಇದನ್ನೇ ಮಾಡಿಕೊಂಡು ಬಂದದ್ದರ ಹಾಗೆ, ಅಷ್ಟು ನುಣ್ಣಗೆ. ತಡೆಯಲು ನೋಡಿದೆ. ಬೆರಳು ನನ್ನ ಮಾತು ಕೇಳಲಿಲ್ಲ.

ಆಗ ಯಾರೋ ನನ್ನ ಎಡಗೈಯ ಮಣಿಕಟ್ಟು ಹಿಡಿದರು.

ಒಣಗಿದ, ಗಟ್ಟಿ ಕೈ. ಹೆಬ್ಬೆರಳಿನ ಗಿಣ್ಣು ಒಂದಿಷ್ಟು ಸೊಟ್ಟ. ಆ ಸೊಟ್ಟ ಗಿಣ್ಣು ನನಗೆ ಗೊತ್ತು. ತಲೆ ಎತ್ತಿ ನೋಡಿದೆ. ವ್ಯಾಪಾರಿಯ ಇನ್ನೊಂದು ಕೈ ಬೀಡಿ ಹಿಡಿದು ಹೊರಗಿತ್ತು. ವಿಧವೆಯ ಇನ್ನೊಂದು ಕೈ ಮಗಳ ಹೆಗಲ ಮೇಲಿತ್ತು. ಹುಡುಗಿಯ ಎರಡೂ ಕೈ ಸೆರಗಿನಲ್ಲಿದ್ದವು. ಗೋಡೆಯ ಹಿಂದೆ ನಾವು ಬಿಟ್ಟು ಇನ್ನಾರೂ ಇರಲಿಲ್ಲ. ಕಂಬಳಿ ಮೇಲೆ ಕೆಳಗೆ ಆಡುತ್ತಿತ್ತು. ಹಿಡಿತ ಬಿಗಿಯಾಯಿತು, ನೋವಾಗುವಷ್ಟು. ನನ್ನ ಕೈ ತೆರೆದುಕೊಂಡಿತು. ಅವಳ ಅಂಗೈ ಹಿಡಿದೆ. ಆಮೇಲೆ ಒಂದು, ಎರಡು, ಮೂರು, ನಾಲ್ಕು ಬೆರಳು. ಎರಡು ಕಡೆಯೂ ಕುಲುಕಿದೆ. ಮಣಿಕಟ್ಟು ಹಗುರವಾಯಿತು.

ವಿಧವೆಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ವ್ಯಾಪಾರಿ ಕೈ ಹೊರಗೆಳೆದು ಮಣ್ಣಿನಲ್ಲಿ ಉಜ್ಜಿದ. "ಹೋದ ವಾರಾನೂ ನಿಮ್ಮಪ್ಪಂಗೆ ಇದೇ ತೊಂಬತ್ತು ಹೇಳಿದ್ದೆ ಕಣವ್ವ" ಅಂದ. ಆಮೇಲೆ ನನ್ನ ಮುಖ ನೋಡದೆ ಕೇಳಿದ. "ಅವನು ಎಲ್ಲಿ ಅವ್ನೆ ಈಗ?"

"ಮನೆಯಲ್ಲಿ."

"ಅವನ ಕೈ ಯಾವಾಗ್ಲೂ ಬಿಸಿ ಇರ್ತಿತ್ತು" ಅಂದ. "ಇವತ್ತು ಕಂಬಳಿ ಕೆಳಗೆ ತಾಗಿದಾಗ ಯಾಕೋ ತಣ್ಣಗಿತ್ತು." ಎದ್ದವನು ಓಡಿದಂತೆಯೇ ನಡೆದ. ಆದರೂ ಕುಲುಕಿದ ಕೈಗೆ ತಪ್ಪಲಿಲ್ಲ, ಅಲ್ಲೇ ದುಡ್ಡು ಕೊಟ್ಟು, ಹಿಂದಿನ ಗೇಟಿನಿಂದ ಕುರಿ ಹೊಡೆದುಕೊಂಡು ಹೋದ.

ತೊಂಬತ್ತು ಬಲಗೈಗೆ, ಎಪ್ಪತ್ತು ಎಡಗೈಗೆ. ಮೂರು ವರ್ಷ ನಾನು ಕೇಳದೆ ಬಿಟ್ಟಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಮನೆಯವರೆಗೂ ನಡೆದೇ ಹೋದೆ, ಕಂಬಳಿಯನ್ನು ಕಂಕುಳಲ್ಲಿ ಅವುಚಿಕೊಂಡು. ಅಪ್ಪನ ಮುಂದೆ ಅದನ್ನು ಎಸೆದು ಕೂಗಾಡಬೇಕೆಂದಿದ್ದೆ. ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ.

ಅಪ್ಪ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದ. ಅಮ್ಮ ಅವನ ಬಲಗೈಗೆ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು. ಅದು ಅವಳ ಮಡಿಲಲ್ಲಿ ಮರದ ತುಂಡಿನಂತೆ ಬಿದ್ದಿತ್ತು.

"ಮಧ್ಯಾಹ್ನ ಉಣ್ಣಾಕೆ ಕುಂತಿದ್ರು" ಅಂದಳು ಅಮ್ಮ. "ಕೈಯಿಂದ ತುತ್ತು ಜಾರಿ ಬಿತ್ತು. ಆವಾಗ್ಲಿಂದ ಹಿಂಗೇ ಐತೆ."

ಅಪ್ಪ ನನ್ನ ಕಂಕುಳಲ್ಲಿದ್ದ ಕಂಬಳಿಯನ್ನು ನೋಡಿದ. ಎಷ್ಟಕ್ಕೆ ಹೋಯಿತು ಎಂದು ಕೇಳಲಿಲ್ಲ. ಯಾರ ಜೊತೆ ಕೂತಿದ್ದೆ ಎಂದೂ ಕೇಳಲಿಲ್ಲ. "ಎರಡು ಕೈಗೂ ಒಂದೇ ಹೇಳ್ದೇನವ್ವ?" ಅಂದ.

"ಒಂದೇ ಹೇಳಿದೆ."

ಅವನು ಕಣ್ಣು ಮುಚ್ಚಿಕೊಂಡ.  ನನ್ನ ಎಡಗೈಯ ಮಣಿಕಟ್ಟಿನ ಮೇಲೆ ಕೆಂಪಗೆ ಬರೆ ಎದ್ದಿತ್ತು. ಅದನ್ನು ಸೆರಗಿನಿಂದ ಮುಚ್ಚಿಕೊಂಡು ಒಳಗೆ ಹೋದೆ.

ಸಮಿತಿಯ ಪುಸ್ತಕದಲ್ಲಿ ಆ ದಿನ ಮಾರಾಟವಿಲ್ಲ ಎಂದು ನಾನೇ ಬರೆದೆ. ವಿಧವೆ ಎರಡು ಎಮ್ಮೆ ಕೊಂಡಳು, ಹಿರೇಗುಂಟನೂರಿನಲ್ಲೇ ಉಳಿದಳು. ಅವಳ ಮಗಳು ಮುಂದಿನ ವರ್ಷ ಐದನೇ ಕ್ಲಾಸಿಗೆ ಹೋದಳೆಂದು ಅವಳೇ ಸಂತೆಗೆ ಬಂದು ಹೇಳಿ, ಒಂದು ಚೆಂಬು ಮಜ್ಜಿಗೆ ಕೊಟ್ಟು ಹೋದಳು. ಹರಾಜು ಮೆಲ್ಲಗೆ ಹಳಿಗೆ ಬಂತು. ಕುರಿಗಳನ್ನು ದೂರ ಕಟ್ಟಿ ಬೆಲೆ ಕೂಗಿಸಿದರೆ ಯಾರೂ ಕಿವಿ ಮುಚ್ಚುವುದಿಲ್ಲ ಎಂದು ಕಾರ್ಯದರ್ಶಿಗಳಿಗೆ ನಾನೇ ಹೇಳಿದೆ. ಮೇಲಿನವರಿಗೆ ಬರೆದು ಬರೆದು ಅವರು ಕೊನೆಗೆ ಒಂದು ಕನಿಷ್ಠ ಬೆಲೆಯನ್ನೂ ಕಟ್ಟಿಸಿದರು. ಮೇಷ್ಟ್ರ ಮಾತೂ ಪೂರ್ತಿ ನಿಜವಲ್ಲ, ಕಾರ್ಯದರ್ಶಿಗಳ ಮಾತೂ ಪೂರ್ತಿ ನಿಜವಲ್ಲ ಎನ್ನುವಷ್ಟು ನನಗೆ ಗೊತ್ತಾಗಿತ್ತು. ಕೊಳ್ಳುವವರು ಕಿವಿ ತುರಿಸಿ, ಅಂಗಿಯ ಗುಂಡಿ ಮುಟ್ಟಿ ಹೊಸ ಗುರುತು ಕಂಡುಕೊಂಡರು. ಯಾವ ಗುರುತು ಎಷ್ಟೆಂದು ನಾನು ಎರಡೇ ತಿಂಗಳಲ್ಲಿ ಕಲಿತೆ. ಅದನ್ನು ಕೇಳಿ ಅಮ್ಮ "ನಿಮ್ಮಪ್ಪನ ಕಸುಬು ಎಲ್ಲೂ ಹೋಗಿಲ್ಲ ಬಿಡು" ಎಂದಳು. ಈ ಸಲ ನಗಲಿಲ್ಲ.

ಅಪ್ಪನ ಬಲಗೈಗೆ ಮತ್ತೆ ಜೀವ ಬರಲಿಲ್ಲ. ಡಾಕ್ಟರು ಲಕ್ವ ಅಂದರು. ಕಂಬಳಿಯನ್ನು ನಾನು ಗೋದಾಮಿಗೆ ಹಿಂದಿರುಗಿಸಲಿಲ್ಲ, ಚಳಿಗಾಲಕ್ಕೆ ಅದನ್ನೇ ಹೊದಿಸುತ್ತಿದ್ದೆ. ನಾವಿಬ್ಬರೂ ಆ ದಿನದ ಮಾತು ಎತ್ತಲಿಲ್ಲ. ನಾನು ತುತ್ತು ಮಾಡಿ ಬಾಯಿಗಿಟ್ಟರೆ ತಿನ್ನುತ್ತಿದ್ದ, ಸಂತೆ ಹೇಗಿತ್ತು ಎಂದು ಕೇಳುತ್ತಿದ್ದ. ನನಗೆ ಅವನ ಮೇಲೆ ಸಿಟ್ಟಿತ್ತು, ಅವನಿಲ್ಲದೆ ಇರಲಾರೆ ಎಂದೂ ಇತ್ತು. ಎರಡೂ ಒಟ್ಟಿಗೆ ಇದ್ದವು.

ಆ ದಶಕದ ಕೊನೆಯ ವರ್ಷ ಅವನು ಹಾಸಿಗೆ ಹಿಡಿದ. ಒಂದು ಬೆಳಿಗ್ಗೆ, ಕಿಟಕಿಯಿಂದ ಬಿಸಿಲು ಬಿದ್ದಿತ್ತು, ಅಮ್ಮ ನೀರಿಗೆ ಹೋಗಿದ್ದಳು. ಮಾತು ನಿಂತು ಎರಡು ದಿನವಾಗಿತ್ತು. ನಾನು ಅವನ ಬಲ ಮಗ್ಗುಲಿಗೆ ಕೂತು ಕಂಬಳಿ ಸರಿಮಾಡಲು ಅದರ ಕೆಳಗೆ ಕೈ ಹಾಕಿದೆ. ನನ್ನ ಅಂಗೈಯನ್ನು ಒಂದು ಕೈ ಹಿಡಿಯಿತು. ಹೆಬ್ಬೆರಳಿನ ಗಿಣ್ಣು ಸೊಟ್ಟ. ಆಮೇಲೆ ನಾಲ್ಕು ಬೆರಳು ಹಿಡಿದು ಬಿಟ್ಟಿತು. ಮತ್ತೆ ಅಂಗೈ. ಆಮೇಲೆ ಎರಡು ಬೆರಳು.

ತೊಂಬತ್ತು, ಎಪ್ಪತ್ತು. ಬಾಯಿಬಿಟ್ಟು ಹೇಳಲಾರದ್ದನ್ನು ಅವನು ತನಗೆ ಗೊತ್ತಿದ್ದ ಒಂದೇ ಭಾಷೆಯಲ್ಲಿ ಹೇಳಿದ್ದ. ಹಿಡಿದ ಕೈ ಬಿಡದೆ ಕಾಯುತ್ತಿತ್ತು. ಅಪ್ಪನ ಎಡಗೈ ಕಂಬಳಿಯ ಮೇಲೆ, ನನ್ನ ಕಣ್ಣ ಮುಂದೆಯೇ ಇತ್ತು. ನನ್ನ ಓದು, ನನ್ನ ಕೆಲಸ, ಕಟ್ಟೆಯ ಮೇಲೆ ನಿಂತು ಕೂಗುವ ನನ್ನ ದನಿ, ಎಲ್ಲ ಅವೆರಡರ ನಡುವಿನ ಆ ಇಪ್ಪತ್ತರಿಂದ ಬಂದದ್ದು ಎಂದು ನನಗೂ ಗೊತ್ತಿತ್ತು.

ನಾನು ಆ ಕೈಯನ್ನು ಒಮ್ಮೆ ಕುಲುಕಿದೆ. ಕಂಬಳಿ ಎತ್ತಿ ನೋಡಲಿಲ್ಲ.